ಹತ್ತು ನಿಮಿಷ ಮುಂದು

ಆದೋನಿಯ ನಮ್ಮ ಹತ್ತಿ ಮಂಡಿಯಲ್ಲಿ ಗೋಡೆ ಗಡಿಯಾರ ಸರಿಯಾದ ಸಮಯ ತೋರಿಸಿದರೆ ಅದು ಕೆಟ್ಟಿದೆ ಎಂದೇ ಅರ್ಥ. ಗುಮಾಸ್ತರು ಹೊತ್ತಿಗೆ ಸರಿಯಾಗಿ ಬರಲೆಂದು ಸಾವ್ಕಾರರೇ ಕುರ್ಚಿ ಹತ್ತಿ ಅದನ್ನು ಹತ್ತು ನಿಮಿಷ ಮುಂದಿಟ್ಟಿದ್ದಾರೆ. ಇದು ಗುಮಾಸ್ತರಿಗೂ ಗೊತ್ತು. ಹತ್ತು ನಿಮಿಷ ಕಳೆದುಕೊಂಡೇ ಬರುತ್ತಾರೆ. ಎಲ್ಲರಿಗೂ ಸಮಾಧಾನ.

ಸಮಾಧಾನ ಕೆಡಿಸಿದ್ದು ಬಿಲ್ಲು ಹಾಕುವ ಸರ್ವರ್ ಕಂಪ್ಯೂಟರು. ಒಳಗಿನ ಬಿಲ್ಲೆ ಬ್ಯಾಟರಿ ಸತ್ತು, ಕರೆಂಟು ಹೋಗಿ ಬಂದಾಗಲೆಲ್ಲ ಮನಸ್ಸಿಗೆ ಬಂದ ಇಸವಿಯಲ್ಲಿ ಏಳುತ್ತಿತ್ತು. ಬ್ಯಾಟರಿ ಬದಲಿಸಿ, ಸಮಯ ಹೊಂದಿಸುವ ಕ್ರೋನಿ ಎಂಬ ತಂತ್ರಾಂಶ ಹಾಕಿದೆ. ಅದು ಬರುತ್ತಲೇ ಅದೇ ಕೆಲಸಕ್ಕೆ ಮೊದಲಿದ್ದ ಟೈಮ್‌ಸಿಂಕ್‌ಡಿಯನ್ನು ಹೊರಗೆ ಹಾಕುತ್ತದೆ. ಒಂದು ಮನೆಗೆ ಇಬ್ಬರು ಯಜಮಾನರು ಆಗಿಬರುವುದಿಲ್ಲ. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ (ಎನ್‌ಐಸಿ) ಅಥವಾ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಗಡಿಯಾರವನ್ನೇ ಅನುಸರಿಸಿ ಎಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೇಳಿದೆ. ಆ ದೆಹಲಿಯ ಗಡಿಯಾರಕ್ಕೇ ಸರ್ವರನ್ನು ಜೋಡಿಸಿದೆ.

ದೂರದೂರಿನಿಂದ ಸಮಯ ತರಿಸುವುದು ಆದೋನಿಗೆ ಹೊಸದೇನಲ್ಲ. 1871ರಲ್ಲಿ ಮದ್ರಾಸ್, ಮುಂಬೈ ಹಳಿಗಳು ರಾಯಚೂರಿನಲ್ಲಿ ಕೂಡಿದ ಕಾಲಕ್ಕೆ ಮದ್ರಾಸ್ ವೀಕ್ಷಣಾಲಯದ ಸಮಯ ತಂತಿಯ ಮೇಲೆ ರೈಲು ಸ್ಟೇಷನ್ನುಗಳಿಗೆ ಬರುತ್ತಿತ್ತು. 1906ರಲ್ಲಿ ದೇಶಕ್ಕೆಲ್ಲ 82.5 ಡಿಗ್ರಿ ರೇಖಾಂಶದ ಸಮಯವೆಂದಾಯಿತು. ಆದೋನಿ ಇರುವುದು 77.3ರ ಆಸುಪಾಸಿನಲ್ಲಿ; ಹಾಗಾಗಿ ನಮ್ಮೂರ ಸೂರ್ಯ ಸರ್ಕಾರಿ ಗಡಿಯಾರಕ್ಕಿಂತ ಸುಮಾರು 21 ನಿಮಿಷ ತಡ. ಅವನನ್ನು ಹೊತ್ತಿಗೆ ಬರಿಸಲು ಯಾವ ಸಾವ್ಕಾರರೂ ಕುರ್ಚಿ ಹತ್ತಿಲ್ಲ.

“ಏನ್ರೀ, ಬಿಲ್ಲಿನ ಟೈಮು ಗೋಡೆ ಟೈಮಿಗೆ ಕೂಡವಲ್ದು!”

“ಗೋಡೇದು ಮುಂದೈತ್ರಿ ಸಾವ್ಕಾರ್ರೇ.”

“ಅದು ಬೇಕಂತ ಮುಂದೈತಿ. ನಿಮ್ದನ್ನ ಅದಕ್ಕ ಕೂಡಸ್ರಿ.”

ಕೂಡಿಸಿದೆ. ಕ್ರೋನಿ ಬಿಡಬೇಕಲ್ಲ! ಗಡಿಯಾರವನ್ನು ಒಮ್ಮೆಗೇ ಜಗ್ಗದೆ, ಯಾರಿಗೂ ಗೊತ್ತಾಗದಂತೆ ಸೆಕೆಂಡುಗಳನ್ನು ಚೂರುಚೂರೇ ಹಿಗ್ಗಿಸಿ ಮಧ್ಯಾಹ್ನದ ಹೊತ್ತಿಗೆ ಮತ್ತೆ ದೆಹಲಿಯ ದಾರಿಗೆ ತಂದಿಟ್ಟಿತು. “ತೆಗೀರಿ ಅದನ್ನ” ಎಂದರು ಸಾವ್ಕಾರರು.

ತೆಗೆಯುವುದರಲ್ಲೂ ಎರಡು ಬಗೆ. ರಿಮೂವ್ ಅಂದರೆ ಹೋಗುತ್ತದೆ, ಆದರೆ ಸೆಟ್ಟಿಂಗಿನ ಕಡತ ಉಳಿಸಿ ಹೋಗುತ್ತದೆ. ಪರ್ಜ್ ಅಂದರೆ ಅದನ್ನೂ ಅಳಿಸಿ ಹೋಗುತ್ತದೆ. ಅನುಭವದ ಮೇಲೆ ರಿಮೂವ್ ಸಾಕೆಂದುಕೊಂಡೆ. ಹಿಂದೆ ಹೊರಬಿದ್ದ ಟೈಮ್‌ಸಿಂಕ್‌ಡಿ ತಾನಾಗಿ ವಾಪಸು ಬರುವುದಿಲ್ಲ. ಸರ್ವರಿಗೆ ಹೇಳುವವರು ಕೇಳುವವರು ಇಲ್ಲವಾದರು. ಬಿಲ್ಲೂ ಗೋಡೆಯೂ ಒಂದಾದವು.

ಮರುದಿನ ಬೆಳಿಗ್ಗೆ ಸಾವ್ಕಾರರು ಲೆಕ್ಕ ನೋಡಲು ಕುಳಿತರು. ಸರ್ವರಿನ ಒಳಗೆ ಹೋಗಲು, ಮೊಬೈಲಿನಲ್ಲಿ 30 ಸೆಕೆಂಡಿಗೊಮ್ಮೆ ಬದಲಾಗುವ ಆರಂಕಿಯ ಕೋಡು ಒತ್ತಿದರೆ ತಪ್ಪೆಂದಿತು. ಮತ್ತೆ ಒತ್ತಿದರು, ಮತ್ತೆ ತಪ್ಪು. ಆ ಕೋಡು ಹುಟ್ಟುವುದೇ ಗಡಿಯಾರದಿಂದ. ಮೊಬೈಲು ದೆಹಲಿಯ ಸಮಯದಲ್ಲಿ, ಸರ್ವರು ಗೋಡೆಯ ಸಮಯದಲ್ಲಿ.

“ನನ್ನ ಅಂಗಡ್ಯಾಗ ನನ್ನನ್ನ ಒಳಗ ಬಿಡವಲ್ದಲ್ರೀ!”

ಕ್ರೋನಿ ವಾಪಸು ಬಂತು. ಬಿಲ್ಲಿನ ಮೇಲೆ ಟೈಮೇ ಬೇಡ, ತಾರೀಖು ಸಾಕೆಂದು ರಾಜಿಯಾಯಿತು. ಎದ್ದು ಹೊರಟವನನ್ನು ಸಾವ್ಕಾರರು ಮತ್ತೆ ಕೂಡಿಸಿದರು: “ಇಷ್ಟೆಲ್ಲ ಗೊತ್ತಿರೋ ಅದಕ್ಕ ರಾಹುಕಾಲ ಗೊತ್ತೈತೇನ್ರಿ? ದಿಲ್ಲಿ ಸೂರ್ಯಂದಲ್ಲ, ನಮ್ಮೂರ ಸೂರ್ಯಂದು.”

ಶನಿವಾರದ ರಾಹುಕಾಲ ಒಂಬತ್ತರಿಂದ ಹತ್ತೂವರೆ. ಆದೋನಿಯ ಸೂರ್ಯೋದಯಕ್ಕೆ ಹೊಂದಿಸಿ, ಅದು ಮುಗಿಯುವತನಕ ಮೊದಲ ಬಿಲ್ಲು ತೆರೆಯದಂತೆ ಬರೆದುಕೊಟ್ಟೆ. ಈಗ ಶನಿವಾರ ಹನ್ನೊಂದರ ತನಕ ಗುಮಾಸ್ತರೆಲ್ಲ ಚಹಾದಂಗಡಿಯಲ್ಲೇ ಇರುತ್ತಾರೆ.