ಇಪ್ಪತ್ತಾರು ಕಿಲೋ ಪ್ರಮೇಯ: ತುಮಕೂರು–ಗುಬ್ಬಿ–ಕುಣಿಗಲ್ ತ್ರಿಕೋನದಲ್ಲಿ ಅಗ್ಗದ ದಿನಸಿಯ ಮೂಲಶೋಧ

ವ್ಯುತ್ಪತ್ತಿಯಿಂದ ಶುರುವಾಗದ ಪ್ರಬಂಧಕ್ಕೆ ಕನ್ನಡದಲ್ಲಿ ಡಾಕ್ಟರೇಟ್ ಸಿಗುವುದು ಕಷ್ಟ. ನಿಘಂಟುಗಳನ್ನು ನಂಬುವುದಾದರೆ ಅರಬ್ಬಿಯ ‘ಜಿನ್ಸ್’ ಎಂಬುದು ಜಿನಸು, ದಿನಸು ಆಗಿ ನಮ್ಮ ಅಂಗಡಿ ಬಾಗಿಲಿಗೆ ಬಂದು ‘ದಿನಸಿ’ಯಾಗಿ ಕೂತಿದೆ. ತುಮಕೂರಿನ ಗೃಹಿಣಿಯರ ಪಂಥ ಇದನ್ನು ಒಪ್ಪುವುದಿಲ್ಲ. ‘ದಿನ’ಕ್ಕೆ ‘ನುಸಿ’ ಸೇರಿ, ನಡುವಿನ ‘ನು’ ಲೋಪವಾಗಿ ದಿನಸಿಯಾಯಿತು ಎಂಬುದು ಅವರ ವಾದ. ಲೋಪವಾದದ್ದು ಎಲ್ಲಿ ಹೋಯಿತು ಎಂದು ಕೇಳುವವರು ಆಷಾಢದಲ್ಲಿ ಅಕ್ಕಿ ಡಬ್ಬದ ಮುಚ್ಚಳ ತೆಗೆದು ನೋಡಬಹುದು.

ಅಧ್ಯಯನದ ಕ್ಷೇತ್ರ ಒಂದು ತ್ರಿಕೋನ. ಒಂದು ತುದಿಗೆ ತುಮಕೂರು; ಅಲ್ಲಿಂದ ಬೆಂಗಳೂರು–ಹೊನ್ನಾವರ ರಸ್ತೆ, ಅಂದರೆ ಬಾಯಿಮಾತಿನ ಬಿ.ಎಚ್. ರೋಡು ಹಿಡಿದರೆ ಗುಬ್ಬಿ. ದಕ್ಷಿಣಕ್ಕೆ ಇಳಿದರೆ ಕುಣಿಗಲ್. ಗುಬ್ಬಿ ಎಂದರೆ ಹೊರಗಿನವರಿಗೆ ವೀರಣ್ಣನವರ ನಾಟಕ ಕಂಪನಿ. ಆದರೆ 1800ರಲ್ಲಿ ಈ ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್‌ಗೆ ಕಂಡದ್ದು ಗುಬ್ಬಿಯ ವ್ಯಾಪಾರ. 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವನ ಪ್ರವಾಸದ ಸಂಪುಟಗಳಲ್ಲಿ ಅದಕ್ಕೆ ಜಾಗ ಸಿಕ್ಕಿದೆ. ಅವನ ಬೆನ್ನಿಗೆ ಈಸ್ಟ್ ಇಂಡಿಯಾ ಕಂಪನಿಯ ಖಜಾನೆ ಇತ್ತು. ಪ್ರಸ್ತುತ ಸಂಶೋಧಕನ ಕೈಯಲ್ಲಿದ್ದದ್ದು ಹೆಂಡತಿ ಬರೆದುಕೊಟ್ಟ ಚೀಟಿ: ಅಕ್ಕಿ, ತೊಗರಿಬೇಳೆ, ಹುರಳಿ, ಹುಣಸೆಹಣ್ಣು, ಕೊಬ್ಬರಿ. ಉಂಡೆಕೊಬ್ಬರಿಯ ಪೀಠ ತಿಪಟೂರು. ಅದು ತ್ರಿಕೋನದ ಆಚೆ ಬೀಳುವುದರಿಂದ ವಿಧಾನಶಾಸ್ತ್ರದ ಶಿಸ್ತಿಗಾಗಿ ಕೊಬ್ಬರಿಯನ್ನು ಕೈಬಿಡಲಾಗಿದೆ. ಮನೆಯಲ್ಲಿ ಈ ಸಮರ್ಥನೆ ನಡೆಯಲಿಲ್ಲ.

ಕುಣಿಗಲ್ಲಿನಲ್ಲಿ ಹುರಳಿಯ ಬಗ್ಗೆ ಎರಡು ಪಕ್ಷಗಳಿವೆ. ಟಿಪ್ಪುವಿನ ಕಾಲದ್ದೆನ್ನುವ ಕುದುರೆ ಫಾರಂ ಇರುವ ಊರು. ಇಂಗ್ಲಿಷರಂತೂ ಹುರಳಿಯನ್ನು ಕುದುರೆಯ ಹೆಸರಿನಲ್ಲೇ ‘ಹಾರ್ಸ್ ಗ್ರಾಂ’ ಎಂದು ಕರೆದರು. ಕುದುರೆ ಇರುವಲ್ಲಿ ಹುರಳಿ ರಾಶಿ ಬಿದ್ದು ಅಗ್ಗವಾಗಬೇಕು ಎಂಬುದು ಪೂರ್ವಪಕ್ಷ. ಕುದುರೆ ತಿಂದು ಉಳಿದದ್ದಲ್ಲವೇ ಮನುಷ್ಯನಿಗೆ, ಆದ್ದರಿಂದ ತುಟ್ಟಿ ಎಂಬುದು ಸಿದ್ಧಾಂತ. ಸಂಶೋಧಕ ಈ ಪ್ರಶ್ನೆಯನ್ನು ಸಂತೆಯಲ್ಲಿ ಹುರಳಿ ಹರವಿಕೊಂಡು ಕೂತಿದ್ದ ಅಜ್ಜಿಯ ಮುಂದಿಟ್ಟ. ಆಕೆ ಎಲೆ ಅಡಿಕೆ ಇನ್ನೊಂದು ದವಡೆಗೆ ಸರಿಸಿ, “ಕುದ್ರೆಗಾದ್ರೆ ಮೂಟೆ ಲೆಕ್ಕ, ನಿನಗಾದ್ರೆ ಸೇರು ಲೆಕ್ಕ. ಯಾವ್ದು ಹೇಳಪ್ಪ?” ಎಂದಳು.

ಸೇರು ಎಂದೊಡನೆ ಮಾನಶಾಸ್ತ್ರ ತಲೆ ಹಾಕುತ್ತದೆ. ನಾಲ್ಕು ಪಾವಿಗೆ ಒಂದು ಸೇರು, ನೂರು ಸೇರಿಗೆ ಒಂದು ಪಲ್ಲ. ಮೆಟ್ರಿಕ್ ತೂಕದ ಕಾಯಿದೆ ಬಂದದ್ದು 1956ರಲ್ಲಿ. ರಾಗಿ ಮಾತ್ರ ಇವತ್ತಿಗೂ ಪಲ್ಲದಲ್ಲೇ ಮಾತಾಡುತ್ತದೆ. ಅಜ್ಜಿ ಸೇರು ತುಂಬಿ, ಅದರ ತಲೆಯ ಮೇಲೆ ಹುರಳಿಯ ಗೋಪುರ ಏರಿಸಿ, ಗೋಪುರದ ನೆತ್ತಿಯನ್ನು ಕಿರುಬೆರಳಿನಲ್ಲಿ ಇಷ್ಟೇ ಇಷ್ಟು ತಟ್ಟಿದಳು. ನಾಲ್ಕು ಕಾಳು ರಾಶಿಗೆ ಮರಳಿದವು. ಮೊದಲ ಸೇರು ಚೀಲಕ್ಕೆ ಬಿದ್ದಾಗ ಅವಳು ‘ಒಂದು’ ಎನ್ನಲಿಲ್ಲ, ‘ಲಾಭ’ ಎಂದಳು. ಅದು ಹಿಂದಿನಿಂದ ಬಂದ ವಾಡಿಕೆ. ಯಾರ ಲಾಭ ಎಂಬ ಬಗ್ಗೆ ಮಾತ್ರ ಆಕರಗಳು ಮೌನ.

ಇನ್ನು ತುಮಕೂರಿನ ಮಂಡಿಪೇಟೆ. ಮಂಡಿ ಎಂದರೆ ಸಗಟು ಅಂಗಡಿ ಎಂಬುದು ಮೇಲುಮಟ್ಟದ ಓದು. ಅಕ್ಕಿ ಮೂಟೆಯನ್ನು ಸ್ಕೂಟರ್‌ವರೆಗೆ ಹೊತ್ತವರಿಗೆ ಪದದ ಇನ್ನೊಂದು ಅರ್ಥ ಕಾಲಿನಲ್ಲೇ ಹೊಳೆಯುತ್ತದೆ. ಇಲ್ಲಿಗೆ ಕಾಲಿಟ್ಟವರಿಗೆ ಎದುರಾಗುವ ಮೊದಲ ಪ್ರಶ್ನೆ “ಎಷ್ಟು ಮೂಟೆ ಸ್ವಾಮಿ?” ಐದು ಕಿಲೋ ಎಂದ ಸಂಶೋಧಕನನ್ನು ಯಜಮಾನರು ಕನ್ನಡಕದ ಮೇಲಿಂದ ನೋಡಿದರು. ಬೈಯಲಿಲ್ಲ. ಕಬ್ಬಿಣದ ಕೊಳವೆಯನ್ನು ಚೀಲದ ಹೊಟ್ಟೆಗೆ ಚುಚ್ಚಿ, ಹಿಡಿ ಅಕ್ಕಿ ಎಳೆದು ಅವನ ಅಂಗೈಗೆ ಹಾಕಿ, “ಹಳೇ ಅಕ್ಕಿ. ಬಾಯಿಗೆ ಹಾಕ್ಕೊಂಡು ನೋಡಿ, ಕಟುಕ್ ಅನ್ಬೇಕು” ಎಂದರು. ಕಟುಕ್ ಎಂದಿತು. ಹೊಸ ಅಕ್ಕಿ ಬೆಂದಾಗ ಮುದ್ದೆಯಾಗುತ್ತದೆ, ಹಳತು ಉದುರುದುರಾಗಿ ಅರಳುತ್ತದೆ. ವಯಸ್ಸಾದಷ್ಟೂ ಬೆಲೆ ಏರುವ ವಸ್ತು ಈ ಪೇಟೆಯಲ್ಲಿ ಹೆಚ್ಚೇನೂ ಇಲ್ಲ.

ಪ್ರಬಂಧದ ಮುಖ್ಯ ಪ್ರಮೇಯ ಹುಟ್ಟಿದ್ದು ಆ ಅಂಗಡಿಯಲ್ಲೇ. “ಇಪ್ಪತ್ತೈದರದ್ದು ಬೇಡ, ಇಪ್ಪತ್ತಾರರ ಚೀಲ ತಗೊಳ್ಳಿ” ಎಂದರು ಯಜಮಾನರು. ಮೂಲಕಾರಣ ಡೆಲ್ಲಿಯಲ್ಲಿದೆ. 2022ರ ಜುಲೈ 18ರಿಂದ, ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿ, ಬೇಳೆ, ಹಿಟ್ಟಿಗೆ 25 ಕಿಲೋವರೆಗೆ ಶೇ 5ರ ಜಿಎಸ್‌ಟಿ ಬಿತ್ತು. ಅದಕ್ಕಿಂತ ದೊಡ್ಡ ಚೀಲಕ್ಕೆ ಇಲ್ಲ. ಗಿರಣಿಗಳು 26 ಕಿಲೋ ಚೀಲ ಹೊಲಿಯತೊಡಗಿದವು. ಲೆಕ್ಕಕ್ಕೆ ಕಿಲೋಗೆ 60 ರೂಪಾಯಿ ಹಿಡಿಯೋಣ. 25 ಕಿಲೋಗೆ 1,500, ತೆರಿಗೆ 75, ಒಟ್ಟು 1,575. 26 ಕಿಲೋಗೆ 1,560. ಒಂದು ಕಿಲೋ ಜಾಸ್ತಿ ಹೊತ್ತವನಿಗೆ 15 ರೂಪಾಯಿ ಉಳಿತಾಯ! ಸಂಶೋಧಕ ಮಂಡಿಪೇಟೆಯ ನಡುಬೀದಿಯಲ್ಲಿ ಆರ್ಕಿಮಿಡೀಸನಂತೆ ಓಡಬೇಕೆಂದಿದ್ದ. ಬಟ್ಟೆ ಮೈಮೇಲಿತ್ತು, ಚೀಲವೂ ಹೆಗಲ ಮೇಲಿತ್ತು.

ಊರಿಂದ ತರಿಸುವ ದಿನಸಿಯನ್ನು ಈ ಕ್ಷೇತ್ರದ ವಿದ್ವಾಂಸರು ‘ಪುಕ್ಕಟೆ’ ಎಂಬ ವರ್ಗಕ್ಕೆ ಸೇರಿಸುತ್ತಾರೆ. ಇದನ್ನು ಪರಿಶೀಲಿಸಬೇಕು. ಸಂಶೋಧಕನ ಅಣ್ಣ ಗುಬ್ಬಿಯ ಕಡೆಯಿಂದ ವರ್ಷಕ್ಕೊಂದು 50 ಕಿಲೋ ರಾಗಿ ಮೂಟೆ ಕಳಿಸುತ್ತಾನೆ. 2025–26ರ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ. ಆ ಲೆಕ್ಕದಲ್ಲಿ ಮೂಟೆಗೆ 2,443. ಎದುರು ಕಾಲಮ್ಮಿನಲ್ಲಿ ಅತ್ತಿಗೆಗೆ ಗೌರಿ ಹಬ್ಬದ ಸೀರೆ, ಹೋದಾಗಲೆಲ್ಲ ಎರಡು ಕೆ.ಜಿ. ಕಾಫಿಪುಡಿ, ಅಣ್ಣನ ಮಗ ಕಾಲೇಜು ಸೇರಿದ ಮೇಲೆ ಇವನ ಮನೆಯ ಹಾಲಿನಲ್ಲಿ ಶಾಶ್ವತವಾಗಿ ಬಿಚ್ಚಿದ ಹಾಸಿಗೆ. ಹುಡುಗ ದಿನಕ್ಕೆ ನಾಲ್ಕು ಮುದ್ದೆ ತಿನ್ನುವವನು. ಅಂದರೆ ರಾಗಿ ಯಾರ ಮನೆಯಿಂದ ಬಂತೋ ಅವರಿಗೇ ಮರಳುತ್ತಿದೆ. ನಡುವೆ ಸಂಶೋಧಕನದು ಹಿಟ್ಟಿನ ಗಿರಣಿಯ ಖರ್ಚು.

ರಾಗಿಯ ಒಂದು ಗುಣ ಮೆಚ್ಚಬೇಕು. ಹಗೇವಿನಲ್ಲಿ ತುಂಬಿಟ್ಟ ರಾಗಿ ವರ್ಷಗಟ್ಟಲೆ ಕೆಡದೆ ಬರಗಾಲ ದಾಟಿಸುತ್ತಿತ್ತು. ಬೇಳೆಕಾಳಿಗೆ ಆ ಗಟ್ಟಿತನವಿಲ್ಲ. ತೊಗರಿಗೆ ಕೆಮ್ಮಣ್ಣು ಕಟ್ಟಿ, ಬೇಳೆಗೆ ಹರಳೆಣ್ಣೆ ಸವರಿ, ಡಬ್ಬದಲ್ಲಿ ಒಣಮೆಣಸಿನಕಾಯಿ ಹುದುಗಿಸಿ ಕಾಯಬೇಕು. ಅಗ್ಗವೆಂದು ಹತ್ತು ಕಿಲೋ ಅಲಸಂದೆ ತಂದವರು ಎರಡು ಕಿಲೋ ಹುಳದ ಪಾಲೆಂದು ಮೊದಲೇ ತೆಗೆದಿಡುವುದು ಶಾಸ್ತ್ರಸಮ್ಮತ.

ಉಳಿದದ್ದು ಸಾಗಣೆ. ಆಟೋದವರು ಕೇಳಿದ ಬಾಡಿಗೆ ಪ್ರಮೇಯದ 15 ರೂಪಾಯಿಯನ್ನು ಮೊದಲ ತಿರುವಿನಲ್ಲೇ ನುಂಗುತ್ತದೆ. ಆದರೆ ಕೆಎಸ್ಆರ್‌ಟಿಸಿ ಬಸ್ಸಿನಲ್ಲಿ ಒಬ್ಬ ಪ್ರಯಾಣಿಕರಿಗೆ 30 ಕಿಲೋ ಲಗೇಜು ಪುಕ್ಕಟೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟೂ ಪುಕ್ಕಟೆ. ಆದ್ದರಿಂದ ಉಪಪ್ರಮೇಯ: 26 ಕಿಲೋ ಅಕ್ಕಿಯ ಜತೆ 4 ಕಿಲೋ ಹುರಳಿ ಹಿಡಿದ ಹೆಂಗಸೊಬ್ಬರೇ ಈ ತ್ರಿಕೋನದ ಅತ್ಯಂತ ಅಗ್ಗದ ಸಾರಿಗೆ. ಸಂಶೋಧಕ ಇದನ್ನು ಸಂಭ್ರಮದಿಂದ ಮನೆಯಲ್ಲಿ ಮಂಡಿಸಿದ. ಹೆಂಡತಿ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ, “ಬರ್ತೀನಿ ರೀ, ಆದ್ರೆ ಚೀಲ ನಾನು ಮುಟ್ಟಲ್ಲ” ಎಂಬ ಷರತ್ತಿನ ಮೇಲೆ ಕುಣಿಗಲ್ಲಿಗೆ ಹೊರಟಳು.

ವಾಪಸ್ ಬರುವಾಗ ಬಸ್ಸು ತುಂಬಿತ್ತು. ಆಕೆಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಸಂಶೋಧಕ ಬಾಗಿಲ ಬಳಿ ಎರಡು ಚೀಲಗಳನ್ನು ಮಂಡಿಗಳ ನಡುವೆ ಒತ್ತಿಹಿಡಿದು ನಿಂತಿದ್ದ. ಕಂಡಕ್ಟರ್ ಬಂದು, “ಯಜಮಾನ್ರೇ, ಮೂಟೆ ಯಾರ್ದು?” ಎಂದ.

“ನಮ್ಮ ಮನೆಯವರದು.”

ಕಂಡಕ್ಟರ್ ಕಿಟಕಿಯ ಕಡೆ ತಿರುಗಿದ. ಆಕೆ ಹೊರಗೆ ನೋಡುತ್ತಿದ್ದಳು.