ಕಾಲಿಗೆ ಕವರು, ಕಂಪ್ಯೂಟರಿಗೆ ದೇವರು

ಮೈಸೂರು–ನಂಜನಗೂಡು ರಸ್ತೆಯ ಔಷಧ ಕಾರ್ಖಾನೆಯೊಂದರ ಮ್ಯಾನೇಜಿಂಗ್ ಡೈರೆಕ್ಟರ್ ಸಾಹೇಬರ ಸನ್ನಿಧಾನಕ್ಕೆ,

ಕ್ವಾಲಿಟಿ ಕಂಟ್ರೋಲ್ ವಿಭಾಗದಿಂದ ನಿವೃತ್ತನಾಗಿ ಕುವೆಂಪುನಗರದಲ್ಲಿ ಪೇಪರ್ ಓದಿಕೊಂಡಿರುವವನ ನಮಸ್ಕಾರಗಳು. ಕಾರ್ಖಾನೆಯ ಹೆಸರು ಬರೆಯುವುದಿಲ್ಲ. ಓದಿದ ಸಾಹೇಬರೆಲ್ಲ ಇದು ತಮಗೇ ಬರೆದದ್ದು ಎಂದುಕೊಂಡರೂ ನನ್ನ ತಕರಾರಿಲ್ಲ.

ಮೊದಲು ಅಭಿನಂದನೆ. ತಮ್ಮ ಕಾರ್ಖಾನೆಯೊಳಗೆ ನೊಣ ಹೋಗಬೇಕಾದರೂ ಗೇಟ್ ಪಾಸ್ ಬೇಕು. ಊಟದ ಡಬ್ಬಿ ಬಿಚ್ಚಿ ತೋರಿಸಬೇಕು, ಮೊಬೈಲ್ ಒಪ್ಪಿಸಬೇಕು. ಚೇಂಜ್ ರೂಮಿನಲ್ಲಿ ಟೋಪಿ, ಮಾಸ್ಕು, ಕಾಲಿಗೆ ಕವರು, ಗಡ್ಡವಿದ್ದವರ ಗಡ್ಡಕ್ಕೂ ಒಂದು ಚೀಲ. ಬೆಂಚು ದಾಟುವಾಗ ಕಾಲು ಹೇಗೆ ಎತ್ತಿಡಬೇಕೆಂಬುದಕ್ಕೂ ಎಸ್‌ಓಪಿ ಇದೆ. ಈ ಕಾಲದ ಕಳ್ಳನಿಗೆ ಇದ್ಯಾವುದೂ ಬೇಡ. ಎಲ್ಲೋ ಬನಿಯನ್ನಿನಲ್ಲಿ ಕೂತವನು ಕಾಲು ಸಹ ತೊಳೆಯದೆ ಒಳಗೆ ಬರುತ್ತಾನೆ. ಬಿ.ವಿ. ಪಂಡಿತರು 1913ರಲ್ಲಿ ಸದ್ವೈದ್ಯಶಾಲೆ ತೆರೆದ ಕಾಲಕ್ಕೆ ಹಲ್ಲುಪುಡಿಯ ಗುಟ್ಟು ಕದಿಯಬೇಕೆಂದರೆ ಕಳ್ಳನಾದವನು ಕನಿಷ್ಠ ನಂಜನಗೂಡಿನವರೆಗೆ ಬರಬೇಕಿತ್ತು!

ಈಗಿನ ಕಳ್ಳನ ಬಾಗಿಲು ಲ್ಯಾಬಿನಲ್ಲಿದೆ. ಎಚ್‌ಪಿಎಲ್‌ಸಿ ಯಂತ್ರದ ಪಕ್ಕದ ಕಂಪ್ಯೂಟರ್. ಅದರಲ್ಲಿ ವಿಂಡೋಸ್ 7. ಹೆತ್ತ ಮೈಕ್ರೋಸಾಫ್ಟೇ 2020ರ ಜನವರಿ 14ಕ್ಕೆ ಅದರ ಕೈಬಿಟ್ಟಿತು. ಅಪ್‌ಡೇಟ್ ಮಾಡೋಣವೆಂದರೆ, "ವ್ಯಾಲಿಡೇಟ್ ಆಗಿರೋ ಸಿಸ್ಟಮ್ಮು ರೀ, ಮುಟ್ಟಬೇಡಿ." ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಮುಟ್ಟಿದರೆ ಚೇಂಜ್ ಕಂಟ್ರೋಲ್ ಅರ್ಜಿ, ಮತ್ತೆ ವ್ಯಾಲಿಡೇಷನ್, ಅಲ್ಲಿಯವರೆಗೆ ಯಂತ್ರ ನಿಂತು ಬ್ಯಾಚ್ ಬಿಡುಗಡೆ ತಡ. ಹೀಗಾಗಿ ಔಷಧ ಶುದ್ಧವೆಂದು ಹೇಳುವ ಯಂತ್ರಕ್ಕೆ ಮಾತ್ರ ಔಷಧ ಕೊಡಬಾರದೆಂಬುದು ನಮ್ಮ ಪಥ್ಯ. ಕೀಬೋರ್ಡಿನ ಅಡಿಯಲ್ಲಿ ಪಾಸ್‌ವರ್ಡಿನ ಚೀಟಿ, ಆಯುಧಪೂಜೆಯ ದಿನ ಮೇಲೆ ಅರಿಶಿನ ಕುಂಕುಮ. ಅಮೆರಿಕದ ಎಫ್‌ಡಿಎ ಇನ್‌ಸ್ಪೆಕ್ಟರ್ ಬರುವ ವಾರ ಚೀಟಿ ಮಾಯವಾಗುತ್ತಿತ್ತು. ಅವರ ಕಾರು ಗೇಟು ದಾಟಿದ ಮೇಲೆ ಹೊಸ ಚೀಟಿ. ಹೇಳಿಕೊಂಡು ಬರುವವರಿಗೆ ಹೆದರುತ್ತೇವೆ, ಹೇಳದೆ ಬರುವವನಿಗಲ್ಲ.

2020ರ ಮಾರ್ಚ್ ನೆನಪಿರಬೇಕು. ನಂಜನಗೂಡಿನ ಔಷಧ ಕಾರ್ಖಾನೆಯೊಂದರಲ್ಲಿ ಕೊರೊನಾ ಕಾಣಿಸಿ ಸಾವಿರಕ್ಕೂ ಹೆಚ್ಚು ನೌಕರರು ಕ್ವಾರಂಟೈನ್ ಆದರು. ಚೀನಾದಿಂದ ಬಂದ ಕಚ್ಚಾ ಸಾಮಗ್ರಿಯ ಮೇಲೂ ಅನುಮಾನ ಬಿದ್ದು ಸ್ಯಾಂಪಲ್ ಪರೀಕ್ಷೆಗೆ ಹೋಯಿತು, ಏನೂ ಸಿಗಲಿಲ್ಲ. ಇಷ್ಟು ಅನುಮಾನದ ಜನ ನಾವು, ಸರ್ವಿಸ್ ಎಂಜಿನಿಯರ್ ಜೇಬಿನಿಂದ ತೆಗೆದ ಪೆನ್‌ಡ್ರೈವನ್ನು ಮಾತ್ರ ಕಾಫಿ ಕೊಟ್ಟು ಬರಮಾಡಿಕೊಳ್ಳುತ್ತೇವೆ.

"ನಮ್ಮದು ಮಾತ್ರೆ ಕಂಪನಿ, ಬ್ಯಾಂಕಲ್ಲ, ಕದಿಯೋಕೆ ಏನಿದೆ?" ಎಂದು ತಾವು ಅಪ್ಪಣೆ ಕೊಡಿಸಿದ್ದಿರಿ. ಹೈದರಾಬಾದಿನ ಡಾ. ರೆಡ್ಡೀಸ್‌ಗೆ ಸ್ಪುಟ್ನಿಕ್ ಲಸಿಕೆಯ ಪ್ರಯೋಗಕ್ಕೆ ಅನುಮತಿ ಸಿಕ್ಕ ವಾರದೊಳಗೇ, 2020ರ ಅಕ್ಟೋಬರ್ 22ರಂದು, ಸೈಬರ್ ದಾಳಿಯಿಂದ ಡೇಟಾ ಸೆಂಟರ್‌ಗಳನ್ನೇ ಬೇರ್ಪಡಿಸಿಕೊಳ್ಳಬೇಕಾಯಿತು. ಮುಂದಿನ ತಿಂಗಳು ಲುಪಿನ್ ಕಂಪನಿಯ ಸರದಿ. ಸನ್ ಫಾರ್ಮಾ ತನ್ನ ಮೇಲೆ ದಾಳಿಯಾದಾಗ, 2023ರ ಮಾರ್ಚ್ ಮೊದಲ ವಾರ, ಮುಖ್ಯ ವ್ಯವಸ್ಥೆಗಳಿಗೆ ಏನೂ ಆಗಿಲ್ಲವೆಂದು ಷೇರುಪೇಟೆಗೆ ತಿಳಿಸಿತು. ತಿಂಗಳು ಮುಗಿಯುವ ಮೊದಲೇ ಕೆಲವು ವ್ಯವಹಾರಗಳಲ್ಲಿ ಆದಾಯ ತಗ್ಗಬಹುದೆಂದಿತು. ಅಮೆರಿಕದ ಮೆರ್ಕ್ ಕತೆ ಇನ್ನೂ ಸೊಗಸು. 2017ರ ಜೂನ್ 27ರಂದು ಉಕ್ರೇನಿನ ತೆರಿಗೆ ಲೆಕ್ಕದ ಸಾಫ್ಟ್‌ವೇರ್ ಹಿಡಿದು ಒಳಗೆ ಬಂದ ನಾಟ್‌ಪೆಟ್ಯಾ ಎಂಬ ಕುತಂತ್ರಾಂಶ ಮೆರ್ಕ್‌ನ ಉತ್ಪಾದನೆಯನ್ನೇ ಕೆಡವಿತು. ಕಂಪನಿ ತಾನೇ ಮಾಡುವ ಗಾರ್ಡಸಿಲ್ ಲಸಿಕೆಯನ್ನು ಸರ್ಕಾರಿ ದಾಸ್ತಾನಿನಿಂದ ಕಡ ತರಬೇಕಾಯಿತು. ವಿಮೆ ಕೇಳಿದರೆ, ಇದು ಯುದ್ಧ, ಯುದ್ಧಕ್ಕೆ ವಿಮೆಯಿಲ್ಲ ಎಂದರು ವಿಮಾ ಕಂಪನಿಯವರು! 140 ಕೋಟಿ ಡಾಲರಿನ ಆ ಜಗಳ 2024ರ ಜನವರಿಯಲ್ಲಿ ರಾಜಿಯಾಯಿತು.

ಕಳ್ಳ ಮಾತ್ರೆ ಮುಟ್ಟಬೇಕಾಗಿಯೇ ಇಲ್ಲ, ಸಾಹೇಬರೇ. ಬರೆದಿಡದ ಕೆಲಸ ಮಾಡಿದ ಕೆಲಸವಲ್ಲ ಎಂದು ನಮಗೆ ಕಲಿಸಿದವರು ತಾವೇ. ಬ್ಯಾಚ್ ದಾಖಲೆಗೆ ಬೀಗ ಬಿದ್ದರೆ ಗೋಡೌನಿನಲ್ಲಿರುವ ಒಳ್ಳೆಯ ಔಷಧವೂ ಮಾರುವಂತಿಲ್ಲ. ಆಮೇಲೆ ಕೆ.ಆರ್. ಆಸ್ಪತ್ರೆಯ ಚೀಟಿ ಹಿಡಿದು ಬಂದ ಮುದುಕಿಗೆ ಮೆಡಿಕಲ್ ಸ್ಟೋರಿನವನು "ಸ್ಟಾಕ್ ಇಲ್ಲ ಅಜ್ಜಿ, ನಾಳೆ ಬನ್ನಿ" ಎನ್ನುತ್ತಾನೆ.

ದಾಳಿ ಗೊತ್ತಾದ ಆರು ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ಗೆ ವರದಿ ಮಾಡಬೇಕೆಂದು 2022ರಲ್ಲೇ ಆದೇಶವಾಗಿದೆ. ತಮ್ಮ ಐಟಿ ಹುಡುಗ ಶನಿವಾರ ಊರಿಗೆ ಹೋದರೆ ಬರುವುದು ಸೋಮವಾರ. ಆದ್ದರಿಂದ ನನ್ನ ಕೈಲಾದ ಸೇವೆಯಾಗಿ ಷೇರುಪೇಟೆಗೆ ಕಳಿಸುವ ಕಾಗದದ ಕರಡನ್ನು ಲಗತ್ತಿಸಿದ್ದೇನೆ: "ನಮ್ಮ ಕೆಲವು ಕಂಪ್ಯೂಟರ್‌ಗಳಲ್ಲಿ ಘಟನೆಯೊಂದು ನಡೆದಿದ್ದು, ಅವುಗಳನ್ನು ಬೇರ್ಪಡಿಸಲಾಗಿದೆ. ತಜ್ಞರು ಪರಿಶೀಲಿಸುತ್ತಿದ್ದಾರೆ. ವ್ಯವಹಾರಕ್ಕೆ ಧಕ್ಕೆಯಿಲ್ಲ." ದಿನಾಂಕದ ಜಾಗ ಖಾಲಿ ಬಿಟ್ಟಿದ್ದೇನೆ. ದಯವಿಟ್ಟು ಈಗಲೇ ನಾಲ್ಕು ಪ್ರತಿ ತೆಗೆಸಿಟ್ಟುಕೊಳ್ಳಿ. ಆ ದಿನ ಪ್ರಿಂಟರ್ ಕೆಲಸ ಮಾಡುವುದಿಲ್ಲ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ನೌಕರ