ಬಡಗಣ ಸೂರ್ಯ

ನನ್ನ ಭಾವಮೈದ ಊಟಿಯಲ್ಲಿ ಮನೆ ಕಟ್ಟಿದ್ದಾನೆ. ಕೆರೆ, ದೋಣಿ, ಚಾಕಲೇಟಿನ ಊಟಿಯಲ್ಲ; ಅಲ್ಲಿಂದ ಒಂದಷ್ಟು ದೂರ, ಬಡಗರ ಹಟ್ಟಿಯೊಂದರ ಮಗ್ಗುಲಲ್ಲಿ, ಟೀ ಗಿಡ ಮುಗಿದು ಕ್ಯಾರೆಟ್ ಶುರುವಾಗುವ ಇಳಿಜಾರಿನಲ್ಲಿ. ಬೆಂಗಳೂರಿನ ಏಸಿಯಲ್ಲಿ ಕೂತು ದುಡಿದದ್ದನ್ನೆಲ್ಲ ಹೀಟರ್ ಇಲ್ಲದ ಮನೆಗೆ ಸುರಿದ. "ಭಾವ, ಜನವರಿಯಲ್ಲೇ ಬನ್ನಿ. ನಮ್ಮದು ಪ್ಯಾಸಿವ್ ಸೋಲಾರ್ ಮನೆ, ಸ್ವೆಟರ್ ಕೂಡ ಬೇಡ" ಎಂದ. ನಾನು ಮೂರು ಸ್ವೆಟರ್ ಇಟ್ಟುಕೊಂಡೆ. ತಮ್ಮನನ್ನು ಹುಟ್ಟಿದಾಗಿನಿಂದ ಬಲ್ಲ ನನ್ನ ಹೆಂಡತಿ ಎರಡು ರಗ್ಗು ಹಿಡಿದಳು.

ಬಂಡೀಪುರ ದಾಟಿ ಮಸಿನಗುಡಿಗೆ ಬಂದಾಗ ಅಂಗಿಯ ಮೇಲಿನ ಗುಂಡಿಯನ್ನೂ ಬಿಚ್ಚುವಂಥ ಬಿಸಿಲು. ಅಲ್ಲಿಂದ ಕಲ್ಲಟ್ಟಿ ಘಾಟಿಯ 36 ತಿರುವು. ಹನ್ನೆರಡಕ್ಕೊಂದರಂತೆ ಸ್ವೆಟರ್ ಏರಿಸುತ್ತ ಹೋದೆ, ಲೆಕ್ಕ ಸರಿಹೋಯಿತು. ಒಂದೇ ಜಿಲ್ಲೆಯಲ್ಲಿ ಮಸಿನಗುಡಿಯವರಿಗೆ ಬಿಸಿಲು ಹೊರಗಿಡುವ ಚಿಂತೆ, ಗೂಡಲೂರಿನವರಿಗೆ ಮಳೆ ಹೊರಗಿಡುವ ಚಿಂತೆ, ಊಟಿಯವರಿಗೆ ಬಿಸಿಲನ್ನು ಒಳಗೆ ಕರೆಯುವ ಚಿಂತೆ. ನಮ್ಮವನು ಮೂರನೆಯದನ್ನು ದುಡ್ಡು ಕೊಟ್ಟು ಕೊಂಡಿದ್ದ.

ಕಾಫಿಗಿಂತ ಮೊದಲು ಗೋಡೆ ತೋರಿಸಿದ. ತೆಂಕಣ ಗೋಡೆ ಒಂದಡಿ ದಪ್ಪದ ಹಸಿಮಣ್ಣಿನದು. ಹೊರಮೈಗೆ ಕಪ್ಪು ಬಣ್ಣ, ಅದರ ಮುಂದೆ ನಾಲ್ಕು ಬೆರಳು ಜಾಗ ಬಿಟ್ಟು ಗಾಜು. ಫೆಲಿಕ್ಸ್ ಟ್ರಾಂಬ್ ಎಂಬ ಫ್ರೆಂಚ್ ವಿಜ್ಞಾನಿ 1967ರಲ್ಲಿ ಪಿರನೀಸ್ ಬೆಟ್ಟದಲ್ಲಿ ಇಂಥದೇ ಗೋಡೆಯ ಮನೆ ಕಟ್ಟಿದ್ದನಂತೆ. ಹಗಲಿನ ಬಿಸಿ ಗೋಡೆ ದಾಟಿ ಒಳಬರಲು ಎಂಟು ಹತ್ತು ತಾಸು ಹಿಡಿಯುತ್ತದೆ. ಮಧ್ಯಾಹ್ನ ಹೊರಟ ಬಿಸಿ ರಾತ್ರಿ ಹತ್ತಕ್ಕೆ ಹಾಸಿಗೆಯ ಹತ್ತಿರ ಇಳಿಯುತ್ತದೆ. ನಮ್ಮ ಕಡೆಯ ಬಸ್ಸಿಗಿಂತ ವಾಸಿ, ಬರುವ ಹೊತ್ತಾದರೂ ಗೊತ್ತು.

ಪ್ಯಾಸಿವ್ ಅಂದರೆ ನಿಷ್ಕ್ರಿಯ. ಫ್ಯಾನಿಲ್ಲ, ಪಂಪಿಲ್ಲ, ಮನೆ ಏನೂ ಮಾಡುವುದಿಲ್ಲ. ಉಳಿದದ್ದನ್ನೆಲ್ಲ ನಾವು ಮಾಡಬೇಕು. ಬೆಳಿಗ್ಗೆ ಎಂಟಕ್ಕೆ ಗೋಡೆಯ ಕೆಳಗಿನ, ಮೇಲಿನ ಕಿಂಡಿಗಳನ್ನು ತೆಗೆಯಬೇಕು. ಕೆಳಗಿಂದ ತಣ್ಣನೆ ಗಾಳಿ ಹೋಗಿ ಮೇಲಿಂದ ಬೆಚ್ಚಗೆ ಬರುತ್ತದೆ. ಸಂಜೆ ನಾಲ್ಕಕ್ಕೆ ಮರೆಯದೆ ಮುಚ್ಚಬೇಕು, ಇಲ್ಲವಾದರೆ ಅದೇ ಗಾಳಿ ತಿರುಗಿ ಒಳಗಿನ ಬಿಸಿಯನ್ನು ಹೊರಗೆ ಸಾಗಿಸುತ್ತದೆ. ಸೂರ್ಯ ಮುಳುಗಿದೊಡನೆ ಹಾಲಿನ ದೊಡ್ಡ ಗಾಜಿಗೆ ದಪ್ಪ ಪರದೆ ಎಳೆಯಬೇಕು. ಬಾಗಿಲು ತೆರೆದಿಟ್ಟು ಮಾತಾಡಕೂಡದು. ಮನೆಯಲ್ಲಿ ನಿಜಕ್ಕೂ ನಿಷ್ಕ್ರಿಯನಾಗಿದ್ದವನು ಭಾವಮೈದ ಒಬ್ಬನೇ; ಅವನು ಗಡಿಯಾರ ನೋಡಿ "ಭಾವ, ಕಿಂಡಿ" ಎನ್ನುತ್ತಿದ್ದ.

ಸಾಮಗ್ರಿಯೆಲ್ಲ ಸ್ಥಳೀಯವೇ ಆಗಬೇಕೆಂದು ಮೊದಲಿಗೆ ಹಟ ಹಿಡಿದಿದ್ದನಂತೆ. ಮರ ಹುಡುಕಿದ. ನಾವು ನೀಲಗಿರಿ ಎಂದೇ ಕರೆಯುವ ಮರ ಬಂದದ್ದು ಆಸ್ಟ್ರೇಲಿಯಾದಿಂದ. ಸಿಲ್ವರ್ ಓಕ್, ವಾಟಲ್, ಅವೂ ಆಸ್ಟ್ರೇಲಿಯಾದವೇ. ಸುತ್ತಲಿನ ಟೀ ಚೀನಾದ್ದು, ಹೊಲದ ಆಲೂಗಡ್ಡೆ ದಕ್ಷಿಣ ಅಮೆರಿಕದ್ದು. ಕೊನೆಗೆ ಸ್ಥಳೀಯ ಎಂದು ಎದೆ ತಟ್ಟಿ ಹೇಳಬಹುದಾದದ್ದು ಕಾಲಡಿಯ ಮಣ್ಣು ಮಾತ್ರ. ಸುಣ್ಣದ ಗಾರೆಗೆ ಬೆಲ್ಲ, ಅಳಲೆಕಾಯಿ ನೀರು ಕಲಸಿದಾಗ ಇರುವೆಗಳು ಗೃಹಪ್ರವೇಶವನ್ನು ಅವನಿಗಿಂತ ಮೊದಲೇ ಮುಗಿಸಿದ್ದವು. ಅವೂ ಸ್ಥಳೀಯವೇ.

ತೊಡಕು ಇದ್ದದ್ದು ಸೂರ್ಯನಲ್ಲಿ. ಪುಸ್ತಕಗಳೆಲ್ಲ ಚಳಿದೇಶದವರು ಬರೆದವು. ಲಂಡನ್ನಿನಲ್ಲಿ ಡಿಸೆಂಬರ್ ಮಧ್ಯಾಹ್ನದ ಸೂರ್ಯ ಬಾನಂಚಿನಿಂದ 15 ಡಿಗ್ರಿ ಮೇಲಷ್ಟೇ ಇರುತ್ತಾನೆ. ಏಳಡಿ ಗಾಜಿನಲ್ಲಿ ತೂರಿ ಇಪ್ಪತ್ತಾರು ಅಡಿ ಒಳಗೆ, ಅಡುಗೆಮನೆಯಲ್ಲಿ ಏನು ಬೇಯುತ್ತಿದೆ ಎಂದು ನೋಡುವಷ್ಟು ಬರಬಲ್ಲ. ಊಟಿಯಲ್ಲಿ ಅದೇ ಹೊತ್ತಿಗೆ 55 ಡಿಗ್ರಿ. ಹೊಸ ಅಳಿಯನ ಹಾಗೆ ಐದಡಿ ಒಳಗೆ ಬಂದು ನಿಂತುಬಿಡುತ್ತಾನೆ. ಹಾಗಾಗಿ ಹದಿನೆಂಟು ಅಡಿ ಹಾಲಿನಲ್ಲಿ ನಾವು ಐದು ಜನ, ಒಂದು ನಾಯಿ, ಹಪ್ಪಳದ ತಟ್ಟೆ ಎಲ್ಲ ಐದಡಿಯ ಪಟ್ಟಿಯೊಳಗೆ. ಪಟ್ಟಿ ಸರಿದ ಹಾಗೆ ಕುರ್ಚಿ ಸರಿಸುತ್ತ, ಸಂಜೆಯ ಹೊತ್ತಿಗೆ ಎಲ್ಲರೂ ಪೂರ್ವದ ಗೋಡೆಗೆ ಅಂಟಿಕೊಂಡಿದ್ದೆವು.

ಅದಾದರೂ ಜನವರಿಯ ಕಥೆ. ಊಟಿ ಇರುವುದು ಸುಮಾರು 11.4 ಡಿಗ್ರಿ ಉತ್ತರದಲ್ಲಿ. ಏಪ್ರಿಲ್ ಮೂರನೆಯ ವಾರದಿಂದ ಆಗಸ್ಟ್ ಮೂರನೆಯ ವಾರದವರೆಗೆ ನಡುಹಗಲ ಸೂರ್ಯ ನೆತ್ತಿ ದಾಟಿ ಬಡಗಣ ದಿಕ್ಕಿಗೆ ಹೋಗಿಬಿಡುತ್ತಾನೆ. ಪಕ್ಕದ ಹಟ್ಟಿಯವರು ಬಡಗಣದಿಂದ ಬಂದವರಾದ್ದರಿಂದ ಬಡಗರು. ಈ ನಾಲ್ಕು ತಿಂಗಳು ಸೂರ್ಯನೂ ಆ ಲೆಕ್ಕಕ್ಕೆ ಸೇರುತ್ತಾನೆ. ಬಯಲುಸೀಮೆಯಲ್ಲಿ ಇದು ವರ, ಬೇಸಿಗೆಯಲ್ಲಿ ತೆಂಕಣ ಗಾಜಿಗೆ ನೆರಳು. ಊಟಿಯಲ್ಲಿ ಜೂನ್ ಎಂದರೆ ಮಳೆ, ಮಂಜು, ಒಣಗದ ಕಾಲುಚೀಲ. ಅಪರೂಪಕ್ಕೆ ಒಂದು ಗಳಿಗೆ ಬಿಸಿಲು ಬಿದ್ದರೆ ಅದು ಹಿತ್ತಿಲ ಕಡೆ ಬೀಳುತ್ತದೆ. ಅಲ್ಲಿ ಇವನು ಚಳಿಗಾಳಿ ನುಗ್ಗೀತೆಂದು ಒಂದು ಕಿಟಕಿಯನ್ನೂ ಇಟ್ಟಿಲ್ಲ.

ಹಟ್ಟಿಯ ಹೆತ್ತೆ, ಅಂದರೆ ಅಜ್ಜಿ, ಒಬ್ಬರು ದಿನಾ ಬರುತ್ತಿದ್ದರು. ಅವರ ಬಡಗ ಮಾತು ನಮಗೆ ಮುಕ್ಕಾಲು ತಿಳಿಯುತ್ತಿತ್ತು. ಅವರದು ಗುಲಾಬಿ ಬಣ್ಣದ ಆರ್‌ಸಿಸಿ ಮನೆ. ಮಣ್ಣಿನ ಗೋಡೆ ಮುಟ್ಟಿ, "ಇನ್ನೂ ಸಿಮೆಂಟು ಹಾಕಿಸಿಲ್ಲವೇ?" ಎಂದು ಕೇಳಿದರು. ಭಾವಮೈದ ಗೋಡೆಯ ಉಸಿರಾಟದ ವಿಚಾರ ವಿವರಿಸಿದ. ತಾಳ್ಮೆಯಿಂದ ಕೇಳಿ, "ಇರಲಿ ಮಗನೇ, ದುಡ್ಡು ಬಂದಾಗ ಹಾಕಿಸುವಿಯಂತೆ" ಎಂದು ಸಮಾಧಾನ ಹೇಳಿ ಹೋದರು. ಮಾರನೆಯ ದಿನ ಅದೇ ಪ್ರಶ್ನೆ, ಅದೇ ಸಮಾಧಾನ.

ಊಟಿಯ ಸಸ್ಯೋದ್ಯಾನದ ಮೇಲ್ಗಡೆಯ ತೋಡರ ಮಂದಿನ, ಅಂದರೆ ಅವರ ಹಟ್ಟಿಯ, ಮನೆಯನ್ನು ನೋಡಿದವರಿಗೆ ಗೊತ್ತು: ಪೀಪಾಯಿಯನ್ನು ಅಡ್ಡ ಮಲಗಿಸಿದಂಥ ಬಿದಿರು, ಬೆತ್ತ, ಹುಲ್ಲಿನ ಕಮಾನು, ತೆವಳಿ ನುಗ್ಗಬೇಕಾದ ಬಾಗಿಲು, ಕಿಟಕಿಯೇ ಇಲ್ಲ. ಅವರು ಸೂರ್ಯನ ಹಿಂದೆ ಬೀಳಲೇ ಇಲ್ಲ. ಒಲೆಯ ಬಿಸಿ, ಮೈಬಿಸಿ ಹೊರಹೋಗದಂತೆ ಬಾಗಿಲನ್ನೇ ಕುಗ್ಗಿಸಿದರು. ಇದನ್ನು ಹೇಳಿದಾಗ ಭಾವಮೈದ ನನ್ನ ಹೊಟ್ಟೆಯನ್ನೂ ತನ್ನ ಬಾಗಿಲನ್ನೂ ನೋಡಿ, "ನೀವು ಒಳಗೆ ಬರಬೇಕಲ್ಲ ಭಾವ" ಎಂದ.

ರಾತ್ರಿ ಆಕಾಶ ಚೊಕ್ಕಟವಾಗಿತ್ತು, ಹೊರಗೆ ಹುಲ್ಲಿನ ಮೇಲೆ ಮಂಜು ಹೆಪ್ಪುಗಟ್ಟುವ ಹೊತ್ತು. ಗಾಜಿನ ಹಿಂದಿನ ಆ ಗೋಡೆಗೆ ನಮ್ಮ ಮಂಚ ತಾಗಿಸಿದ್ದರು. ಹತ್ತಕ್ಕೆ ಅಂಗೈ ಇಟ್ಟು ನೋಡಿದೆ. ಬಂದಿತ್ತು! ಮಧ್ಯಾಹ್ನದ ಬಿಸಿಲು, ಸಣ್ಣಗೆ, ಕಾಯಿಸಿ ಆರಿಸಿದ ಹಾಲಿನಷ್ಟು. ಸದ್ದಿಲ್ಲದೆ ಮೂರನೆಯ ಸ್ವೆಟರ್ ತೆಗೆದು ಬೆನ್ನನ್ನು ಗೋಡೆಗೆ ಒತ್ತಿ ಮಲಗಿದೆ. ಬೆಳಿಗ್ಗೆ ಇದನ್ನು ಭಾವಮೈದನಿಗೆ ಹೇಳಕೂಡದು ಎಂದುಕೊಳ್ಳುತ್ತಲೇ ನಿದ್ದೆ ಬಂತು.

ಎರಡು ಗಂಟೆಗೆ ಪಕ್ಕೆಗೆ ಮೊಣಕೈ ತಾಗಿತು.

"ರೀ, ಈ ಕಡೆ ಬನ್ನಿ. ಅದು ನನ್ನ ತಮ್ಮನ ಗೋಡೆ."